ಬಿಸಿಲಿಗೆ ಬಾಗಿಲು ಹಾಕಿ

ಸೂರಿನ ಮೇಲೆ ಬಿದ್ದ ಬಿಸಿಲನ್ನು ಹಿಡಿದು ಕರೆಂಟು ಮಾಡುವುದು. ಆ ಕರೆಂಟನ್ನು ಅದೇ ಸೂರಿನ ಕೆಳಗೆ ಇಳಿಸಿ ಮತ್ತೆ ಬೆಳಕು ಮಾಡುವುದು. ಆ ಬೆಳಕಿನಲ್ಲಿ ಸೊಪ್ಪು ಬೆಳೆಯುವುದು. ಇದಕ್ಕೆ ಈಗ ನಮ್ಮ ಕಡೆ ಪ್ರಗತಿಪರ ಕೃಷಿ ಎನ್ನುತ್ತಾರೆ. ಹಳೇ ಕೊಟ್ಟಿಗೆ, ಕೋಳಿ ಶೆಡ್ಡು, ಹುಳು ಸಾಕುವುದನ್ನು ಬಿಟ್ಟ ರೇಷ್ಮೆ ಮನೆ, ಯಾವುದಾದರೂ ಆದೀತು. ಕಿಟಕಿ ಮುಚ್ಚಬೇಕು. ಗೋಡೆಗೆ, ಸೂರಿಗೆ ಶಾಖ ತಡೆಯುವ ಹಲಗೆ ಹೊದಿಸಬೇಕು. ಕಬ್ಬಿಣದ ರ‍್ಯಾಕು ನಿಲ್ಲಿಸಿ, ಅದರ ಅಂತಸ್ತು ಅಂತಸ್ತಿಗೂ ಬಿಳೀ ಪೈಪು ಮಲಗಿಸಿ, ಪೈಪಿನ ಮೇಲೆ ನೇರಳೆ ಬಣ್ಣದ ಎಲ್‌ಇಡಿ ಪಟ್ಟಿ ಬಿಗಿಯಬೇಕು. ಬಾಗಿಲು ಹಾಕಿದರೆ ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಸಿನಿಮಾ ಹಾಡಿನ ಸೆಟ್ಟು. ಯೂಟ್ಯೂಬಿನಲ್ಲಿ ಇಂಥ ಕೋಣೆಗಳನ್ನು ತೋರಿಸುವ ವಿಡಿಯೋಗಳಿಗೆ ಬರವಿಲ್ಲ. ಎಲ್ಲದರಲ್ಲೂ ಒಬ್ಬ ಯುವಕ ಬಿಳೀ ಕೋಟು ತೊಟ್ಟು ಲೆಟಿಸ್ ಗಿಡದ ಬೇರು ಎತ್ತಿ ತೋರಿಸುತ್ತಿರುತ್ತಾನೆ. ಮಣ್ಣಿಲ್ಲ ನೋಡಿ, ಎನ್ನುತ್ತಾನೆ.

ನನ್ನ ತಕರಾರು ಮಣ್ಣಿಲ್ಲದ್ದರ ಬಗ್ಗೆ ಅಲ್ಲ. ಮಣ್ಣಿಲ್ಲದೆ ಗಿಡ ಬೆಳೆಯುತ್ತದೆ, ಚೆನ್ನಾಗಿಯೇ ಬೆಳೆಯುತ್ತದೆ. ತಕರಾರು ಬಾಗಿಲಿನ ಬಗ್ಗೆ. ವರ್ಷದ ಮುನ್ನೂರು ದಿನ ಬಿಸಿಲು ಸುರಿಯುವ ಬಯಲುಸೀಮೆಯಲ್ಲಿ ಆ ಬಿಸಿಲಿಗೆ ಬಾಗಿಲು ಹಾಕಿ, ಹಿಂದಿನ ಕಿಂಡಿಯಿಂದ ಅದನ್ನೇ ದುಡ್ಡು ಕೊಟ್ಟು ಒಳಗೆ ಕರೆಸಿಕೊಳ್ಳುವ ವ್ಯವಹಾರ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಲೆಕ್ಕದಲ್ಲಿ ನಿಲ್ಲದ್ದನ್ನು ಮಾರಬೇಕಾದವರು ಅದರ ಜೊತೆಗೆ ಇನ್ನೇನನ್ನೋ ಮಾರುತ್ತಿರುತ್ತಾರೆ. ಅದೇನು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಲೆಕ್ಕ ಬಿಟ್ಟು ಜಗಳಕ್ಕೆ ಇಳಿದು ಅಭ್ಯಾಸವಿಲ್ಲ. ಸಾಹಿತ್ಯದ ಪತ್ರಿಕೆಯಲ್ಲಿ ಭಾಗಾಕಾರ ಯಾಕೆ ಎಂದು ಕೇಳುವವರು ಎರಡು ಪ್ಯಾರಾ ತಡೆದುಕೊಳ್ಳಿ.

ನೂರು ಪಾಲು ಬಿಸಿಲು ಸೋಲಾರ್ ಪ್ಯಾನೆಲ್ ಮೇಲೆ ಬಿತ್ತು ಅಂದುಕೊಳ್ಳಿ. ಇವತ್ತು ಅಂಗಡಿಯಲ್ಲಿ ಸಿಗುವ ಒಳ್ಳೆಯ ಪ್ಯಾನೆಲ್ ಅದರಲ್ಲಿ 20ರಿಂದ 22 ಪಾಲನ್ನು ಕರೆಂಟು ಮಾಡುತ್ತದೆ. ಪ್ಯಾನೆಲ್ ಮೇಲಿನ ಧೂಳು, ಕಾದ ಸೂರು, ಇನ್ವರ್ಟರ್, ವೈರು, ಬ್ಯಾಟರಿ ತಮ್ಮ ತಮ್ಮ ಪಾಲು ತಿಂದ ಮೇಲೆ ಉಳಿಯುವುದು 17 ಎನ್ನೋಣ. ಅದನ್ನು ಎಲ್‌ಇಡಿಗೆ ಕೊಟ್ಟರೆ ಅರ್ಧ, ಅಥವಾ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಬೆಳಕಾಗುತ್ತದೆ. ಉಳಿದದ್ದು ಅಲ್ಲಿಯೇ ಶಾಖವಾಗುತ್ತದೆ. ಎಲೆಗೆ ಮುಟ್ಟಿದ್ದು 9 ಪಾಲು. ಎದುರು ಪಕ್ಷಕ್ಕೆ ಅನ್ಯಾಯ ಮಾಡಬಾರದು: ಬಿಸಿಲಿನ ನೂರು ಪಾಲೂ ಗಿಡಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಎಲೆ ಬಳಸಬಲ್ಲ ಬಣ್ಣಗಳು ಅದರಲ್ಲಿ ಸುಮಾರು 45 ಪಾಲು ಮಾತ್ರ. ಎಲ್‌ಇಡಿಯಲ್ಲಾದರೆ ಬಹುಪಾಲು ಎಲೆಗೆ ಬೇಕಾದ ಬಣ್ಣವೇ ಇರುತ್ತದೆ. ಹಾಗಾಗಿ ಹೋಲಿಕೆ 45ಕ್ಕೂ 9ಕ್ಕೂ. ಐದು ಕೊಡ ನೀರಿದ್ದ ಬಾವಿಯಿಂದ ಸೇದಿ ಸೇದಿ ಒಂದು ಕೊಡವನ್ನು ಮನೆಗೆ ತಂದ ಹಾಗೆ. ಅದೂ ಗಿಡ ಬಾವಿಕಟ್ಟೆಯಲ್ಲೇ ಇದ್ದಾಗ.

ಇದಕ್ಕೊಂದು ಜಾಣ ಉತ್ತರವಿದೆ. ಲೆಟಿಸ್‌ನಂಥ ಸೊಪ್ಪಿಗೆ ನಮ್ಮ ಬಿಸಿಲು ಅತಿಯಾಯಿತು, ಅದಕ್ಕೆ ಬೇಕಾದದ್ದು ನಮ್ಮ ಬಯಲಿನ ಬೆಳಕಿನ ಅರ್ಧಕ್ಕಿಂತ ಕಡಿಮೆ, ಆ ಹೆಚ್ಚುವರಿಯನ್ನು ವ್ಯರ್ಥ ಮಾಡುವ ಬದಲು ಕರೆಂಟು ಮಾಡಿ ಹಂಚುತ್ತೇವೆ ಎನ್ನುತ್ತಾರೆ. ಸರಿ, ಹಂಚಿ ನೋಡೋಣ. ಒಳಗೆ ದಿನಕ್ಕೆ 16 ಗಂಟೆ ದೀಪ ಉರಿಸಿ ಒಂದು ಚದರ ಮೀಟರ್ ಲೆಟಿಸ್ ಬೆಳೆಯಲು ಒಳ್ಳೆಯ ಎಲ್‌ಇಡಿಯಿದ್ದರೂ ಸುಮಾರು ಒಂದೂವರೆ ಯೂನಿಟ್ ಕರೆಂಟು ಬೇಕು. ಒಳಗೆ ಹುಟ್ಟುವ ಶಾಖವನ್ನು ಹೊರಗೆ ಹಾಕುವ ಎ.ಸಿ.ಗೆ ಇನ್ನರ್ಧ ಯೂನಿಟ್. ಒಟ್ಟು ಎರಡು. ಒಂದು ಕಿಲೋವಾಟ್ ಪ್ಯಾನೆಲ್ ನಮ್ಮಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಅದಕ್ಕೆ ಹಿಡಿಯುವ ಜಾಗ ಸುಮಾರು 5 ಚದರ ಮೀಟರ್. ಅಂದರೆ 5 ಚದರ ಮೀಟರ್ ಬಿಸಿಲು ಕೊಟ್ಟು 2 ಚದರ ಮೀಟರ್ ಸೊಪ್ಪು ಪಡೆದೆವು. ಅದೇ 5 ಚದರ ಮೀಟರಿನ ಮೇಲೆ ಹಸಿರು ನೆರಳುಪರದೆ ಕಟ್ಟಿ, ಅರ್ಧ ಬಿಸಿಲನ್ನು ಯಾವ ಸಂಕೋಚವೂ ಇಲ್ಲದೆ ಎಸೆದರೂ, 5 ಚದರ ಮೀಟರ್ ಸೊಪ್ಪು ಬರುತ್ತದೆ. ಎಸೆದವನಿಗೇ ಹೆಚ್ಚು ಸಿಗುವ ಆಟ ಇದು.

ಈಗ ನಮ್ಮ ಮನೆಯ ವಿಷಯ. ತಿಪಟೂರಿನ ಹತ್ತಿರದ ಊರು ನಮ್ಮದು. ಚಿಕ್ಕಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುತ್ತಿರುವವನು ಅವರ ಮಗ, ನನಗೆ ತಮ್ಮ. ಎರಡು ಎಕರೆ ತೆಂಗು, ಎರಡು ಸೀಮೆಹಸು, ಒಂದು ಕೊಟ್ಟಿಗೆ. ಈ ಕೊಟ್ಟಿಗೆಯನ್ನೇ ಬೆಳಕಿನ ಕೋಣೆ ಮಾಡುತ್ತೇನೆ ಎಂದು ಅವನು ಹೊರಟಿದ್ದಾನೆ. ಹಸು ಮಾರುವುದು, ತೋಟದ ಮೇಲೆ ಸಾಲ ತೆಗೆಯುವುದು, ಒಂದು ಕಂಪನಿಯವರು ಬಂದು ಎಲ್ಲವನ್ನೂ ಜೋಡಿಸಿಕೊಟ್ಟು ಹೋಗುವುದು. ಕೊಟೇಶನ್ ನನಗೆ ವಾಟ್ಸಾಪಿನಲ್ಲಿ ಬಂತು. 9 ಲಕ್ಷ 40 ಸಾವಿರ. ಇಪ್ಪತ್ತಡಿಗೆ ಹತ್ತಡಿಯ ಶೆಡ್ಡು, ನಾಲ್ಕು ಅಂತಸ್ತಿನ ರ‍್ಯಾಕು, 32 ಚದರ ಮೀಟರ್ ಬೆಳೆಯುವ ಜಾಗ, ಒಂದೂವರೆ ಟನ್ನಿನ ಎ.ಸಿ., ಸೂರಿನ ಮೇಲೆ 5 ಕಿಲೋವಾಟ್ ಸೋಲಾರ್. ಕೆಳಗೆ ಹಸಿರು ಅಕ್ಷರದಲ್ಲಿ: ಸಂಪೂರ್ಣ ಸೌರಚಾಲಿತ.

32 ಚದರ ಮೀಟರಿಗೆ ದಿನಕ್ಕೆ ಎರಡೆರಡು ಯೂನಿಟ್ ಎಂದರೆ 64 ಯೂನಿಟ್. ಐದು ಕಿಲೋವಾಟ್ ಪ್ಯಾನೆಲ್ ಕೊಡುವುದು 20. ಮಿಕ್ಕ 44 ಯೂನಿಟ್ ಎಲ್ಲಿಂದ ಬರುತ್ತದೆ ಎಂಬುದು ಆ ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ. ಕಂಬದಿಂದ ಬರಬೇಕು, ಅಷ್ಟೇ. ಪಂಪ್‌ಸೆಟ್ಟಿಗೆ ಸಿಗುವ ಉಚಿತ ಕರೆಂಟು ಇದಕ್ಕೆ ಸಿಗುವುದಿಲ್ಲ, ಮೀಟರು ಓಡುತ್ತದೆ. ನಿಜಕ್ಕೂ ಸಂಪೂರ್ಣ ಸೌರಚಾಲಿತ ಆಗಬೇಕಾದರೆ 16 ಕಿಲೋವಾಟ್ ಬೇಕು, 80 ಚದರ ಮೀಟರ್ ಬಿಸಿಲಿನ ಜಾಗ ಬೇಕು. ಕೊಟ್ಟಿಗೆಯ ಸೂರು ಅದರ ಕಾಲುಭಾಗವೂ ಇಲ್ಲ. ಪ್ಯಾನೆಲ್‌ಗಳನ್ನು ತೋಟದಲ್ಲಿ ನಿಲ್ಲಿಸೋಣವೆಂದರೆ ಅಲ್ಲಿ ತೆಂಗಿನ ನೆರಳು. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ಗರಿಯ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ ಎನ್ನುವುದು ಸೋಲಾರ್ ಹಾಕಿಸಿದ ಎಲ್ಲರಿಗೂ ಗೊತ್ತು. ಹಾಗಾದರೆ ಮರ ಕಡಿಯಬೇಕು. ಲೆಟಿಸ್ ಬೆಳೆಯಲು ತೆಂಗು ಕಡಿಯಬೇಕು! ಕೊಟೇಶನ್ನಿನಲ್ಲಿ ಇನ್ನೊಂದು ಸಾಲಿತ್ತು: ಕೇಂದ್ರದ ಸಬ್ಸಿಡಿ 78 ಸಾವಿರ ಕಳೆಯಲಾಗಿದೆ ಎಂದು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೂ ಅದಕ್ಕಿಂತ ಹೆಚ್ಚಿನದಕ್ಕೂ ಸಿಗುವ ಮೊತ್ತ ಅದು. ಸಿಗುವುದು ವಾಸದ ಮನೆಗೆ. ಲೆಟಿಸ್ ವಾಸಿಸುವ ಮನೆಗೂ ಸಿಗುತ್ತದೆಂದು ಆ ಮಾರಾಟಗಾರ ಯಾವ ಧೈರ್ಯದಲ್ಲಿ ಬರೆದನೋ.

ಇನ್ನು ಶೆಡ್ಡು 'ಉಪಯೋಗವಿಲ್ಲದೆ ಬಿದ್ದಿದೆ' ಎಂಬ ಮಾತು. ಕಂಪನಿಯವರು ಫೋಟೋ ತೆಗೆದುಕೊಂಡು ಹೋಗಿ ಹಾಗೆಂದು ಬರೆದಿದ್ದಾರೆ. ತಿಪಟೂರು ಸೀಮೆಯ ಕೊಟ್ಟಿಗೆ ನೋಡಿದವರು ಯಾರೂ ಹಾಗೆ ಹೇಳುವುದಿಲ್ಲ. ಕೆಳಗೆ ಹಸು, ಮೇಲೆ ಅಟ್ಟ. ಅಟ್ಟದ ಮೇಲೆ ಬಲಿತ ತೆಂಗಿನಕಾಯಿ ಹರಡಿರುತ್ತದೆ. ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಸಲ ವರ್ಷ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಹೊತ್ತಿಗೆ ಅದು ಉಂಡೆ ಕೊಬ್ಬರಿ. ಒಂದು ಯೂನಿಟ್ ಕರೆಂಟಿಲ್ಲ. ಸೂರಿನ ಬಿಸಿ, ಅಟ್ಟದ ಸಂದಿನ ಗಾಳಿ, ಕಾಲ, ಇಷ್ಟೇ ಬಂಡವಾಳ. ಆ ಸೂರಿಗೆ ಶಾಖ ತಡೆಯುವ ಹಲಗೆ ಹೊದಿಸಿ ಎ.ಸಿ. ಹಾಕಿದರೆ ಕೊಬ್ಬರಿ ಆಗುವುದು ಎಲ್ಲಿ? ಇದನ್ನು ನಾನು ಕೇಳಿದೆ. ತಮ್ಮ ಮಾತಾಡಲಿಲ್ಲ. ಚಿಕ್ಕಮ್ಮ ಒಲೆಯ ಮುಂದಿನಿಂದಲೇ, "ಬಿಸ್ಲು ಸುರೀತಾ ಐತೆ, ಒಳಗೆ ಕತ್ಲು ಮಾಡಿ ದೀಪ ಹಚ್ಚೋದ್ಯಾಕವ್ವಾ?" ಅಂದರು. ನಾನು ಎರಡು ಪ್ಯಾರಾ ಬರೆದದ್ದನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದರು.

ಈ ಕೋಣೆಗಳಲ್ಲಿ ಯಾವಾಗಲೂ ಲೆಟಿಸ್, ತುಳಸಿಯ ವಿದೇಶಿ ತಂಗಿ ಬೇಸಿಲ್, ಇಷ್ಟಿಷ್ಟೇ ಮೊಳಕೆಸೊಪ್ಪು. ರಾಗಿ ಯಾಕಿಲ್ಲ, ತೊಗರಿ ಯಾಕಿಲ್ಲ ಎಂದು ಯಾರಾದರೂ ಕೇಳಿದ್ದೀರಾ? ಲೆಟಿಸ್ ನೂರಕ್ಕೆ 95 ಪಾಲು ನೀರು. ನೀರನ್ನು ಎಲೆಯ ಆಕಾರದಲ್ಲಿ ನಿಲ್ಲಿಸಲು ಹೆಚ್ಚು ಬೆಳಕು ಬೇಡ. ಕಾಳಿಗೆ ಬೇಕು. ಒಣಗಿದ ಒಂದು ಕಿಲೋ ಸಸ್ಯಪದಾರ್ಥದಲ್ಲಿ ಸುಮಾರು ನಾಲ್ಕೂವರೆ ಯೂನಿಟ್ ಶಕ್ತಿ ಅಡಗಿರುತ್ತದೆ. ತನ್ನ ಮೇಲೆ ಬಿದ್ದ ಉಪಯುಕ್ತ ಬೆಳಕಿನಲ್ಲಿ ನೂರಕ್ಕೆ ಐದನ್ನು ಗಿಡ ಒಡಲಿಗೆ ಸೇರಿಸಿಕೊಂಡರೆ ದೊಡ್ಡ ಮಾತು. ಎಲ್‌ಇಡಿ ಅರ್ಧ ಕರೆಂಟನ್ನು ಮೊದಲೇ ಕಳೆದಿರುತ್ತದೆ. ಬೆಳೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹುಲ್ಲು, ಬೇರು. ಗುಣಾಕಾರ ಮಾಡಿದರೆ ಒಂದು ಕಿಲೋ ರಾಗಿಗೆ 350 ಯೂನಿಟ್ ದಾಟುತ್ತದೆ. ಯೂನಿಟ್ಟಿಗೆ 6 ರೂಪಾಯಿಯಂತೆ 2,100 ರೂಪಾಯಿ. 2024-25ರಲ್ಲಿ ಸರ್ಕಾರ ರಾಗಿಗೆ ಕೊಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 4,290, ಅಂದರೆ ಕಿಲೋಗೆ 43 ರೂಪಾಯಿಗೂ ಒಳಗೆ. ಹೊಲದ ರಾಗಿಯವನು ಬಿಸಿಲಿನಿಂದ ಪುಕ್ಕಟೆ ಪಡೆಯುವ ಸಂಪತ್ತು ಎಷ್ಟು ದೊಡ್ಡದು ಎಂದು ತಿಳಿಯಲು ನನಗೆ ಈ ಲೆಕ್ಕ ಬೇಕಾಯಿತು. 'ನಾಳಿನ ಜಗತ್ತಿನ ಹಸಿವಿಗೆ ಉತ್ತರ' ಎಂದು ಈ ಕೋಣೆಗಳನ್ನು ಕರೆಯುವವರ ಹಸಿವು ಯಾವ ಬಗೆಯದು ಎಂದು ಮಾತ್ರ ಇನ್ನೂ ತಿಳಿದಿಲ್ಲ. ಲೆಟಿಸ್ ತಿಂದು ಯಾರ ಹಸಿವೂ ಹೋಗಿದ್ದನ್ನು ನಾನು ಕಂಡಿಲ್ಲ.

ಇದು ನಮ್ಮಲ್ಲಿ ಮೊದಲ ಸಲವೂ ಅಲ್ಲ. ಹಿಂದೆ ಹೀಗೆಯೇ ಹೈಡ್ರೋಪೋನಿಕ್ ಮೇವಿನ ಹುಚ್ಚು ಬಂದಿತ್ತು. ತಟ್ಟೆಯಲ್ಲಿ ಮುಸುಕಿನ ಜೋಳದ ಬೀಜ ಹರಡಿ ನೀರು ಚಿಮುಕಿಸಿದರೆ ಎಂಟೇ ದಿನದಲ್ಲಿ ಒಂದು ಕಿಲೋ ಬೀಜ ಆರೇಳು ಕಿಲೋ ಹಸಿಮೇವು. ಹೈನುಗಾರರು ಸಾಲ ಮಾಡಿ ತಟ್ಟೆ ಜೋಡಿಸಿದರು. ಹೆಚ್ಚಾದ ತೂಕವೆಲ್ಲ ನೀರು. ಮೊಳೆಯುವಾಗ ಬೀಜ ತನ್ನೊಳಗಿನ ಪಿಷ್ಟವನ್ನೇ ಉರಿಸಿಕೊಳ್ಳುವುದರಿಂದ ಒಣತೂಕ ಮೊದಲಿದ್ದದ್ದಕ್ಕಿಂತ ಕಡಿಮೆಯೇ ಆಗುತ್ತದೆ. ಆ ಬೀಜವನ್ನು ಹಾಗೇ ಬೀಸಿ ಹಸುವಿಗೆ ಇಟ್ಟಿದ್ದರೆ ಹೆಚ್ಚು ಆಹಾರ ಕೊಟ್ಟಂತಾಗುತ್ತಿತ್ತು.

ಈಚೆಗಿನದು ಕೇಸರಿ. ಹತ್ತಡಿ ಕೋಣೆಯಲ್ಲಿ ಕಾಶ್ಮೀರ, ತಿಂಗಳಿಗೆ ಲಕ್ಷ. ಕೇಸರಿಯ ಗೆಡ್ಡೆ ತಟ್ಟೆಯ ಮೇಲೆ ಮಣ್ಣಿಲ್ಲದೆ, ಹೆಚ್ಚು ಬೆಳಕೂ ಇಲ್ಲದೆ ಹೂ ಬಿಡುವುದು ನಿಜ. ಗೆಡ್ಡೆ ಆ ಶಕ್ತಿಯನ್ನು ಕೂಡಿಟ್ಟುಕೊಂಡದ್ದು ಎಲ್ಲಿ? ಹಿಂದಿನ ಚಳಿಗಾಲದಲ್ಲಿ, ಯಾವುದೋ ಬಯಲಿನ ಬಿಸಿಲಿನಲ್ಲಿ, ಎಲೆ ಬಿಟ್ಟುಕೊಂಡು. ಹೂ ಕಿತ್ತ ಮೇಲೆ ಅದು ಮತ್ತೆ ತಿಂಗಳುಗಟ್ಟಲೆ ಎಲೆ ಬಿಟ್ಟು ಬೆಳಕು ಉಣ್ಣದಿದ್ದರೆ ಮರಿಗೆಡ್ಡೆಗಳು ಬಲಿಯುವುದಿಲ್ಲ, ಮುಂದಿನ ವರ್ಷ ಹೂವೂ ಇಲ್ಲ. ಹೂವಿನ ವಿಡಿಯೋ ಎಲ್ಲರೂ ಹಾಕುತ್ತಾರೆ. ಮೂರನೇ ವರ್ಷದ ಗೆಡ್ಡೆಯ ವಿಡಿಯೋ ತೋರಿಸಿ ಎಂದು ಕೇಳಿ ನೋಡಿ.

ದೊಡ್ಡ ದುಡ್ಡಿನವರು ಇದನ್ನು ಮಾಡಿ ನೋಡಿಯಾಗಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಿಕ್ಸನ್ ಡೆಸ್ಪೊಮಿಯರ್ ಎಂಬ ಪ್ರಾಧ್ಯಾಪಕರು 1999ರಲ್ಲಿ ತಮ್ಮ ವಿದ್ಯಾರ್ಥಿಗಳ ಜೊತೆ ಹುಟ್ಟುಹಾಕಿದ ಕಲ್ಪನೆ, ಊರ್ಧ್ವಕೃಷಿ. 2010ರಲ್ಲಿ ಅವರ ಪುಸ್ತಕ ಬಂದ ಮೇಲೆ ಹೂಡಿಕೆದಾರರು ಮುಗಿಬಿದ್ದರು. ನ್ಯೂಜೆರ್ಸಿಯ ಏರೋಫಾರ್ಮ್ಸ್ 2023ರ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿತು. ಬೋವರಿ 2024ರ ನವೆಂಬರಿನಲ್ಲಿ ಬಾಗಿಲು ಮುಚ್ಚಿತು. ಪ್ಲೆಂಟಿ 2025ರ ಮಾರ್ಚಿನಲ್ಲಿ ಕೋರ್ಟಿಗೆ ಹೋಯಿತು. ಕೋಟ್ಯಂತರ ಡಾಲರ್ ಬಂಡವಾಳ, ಇಂಜಿನಿಯರುಗಳ ದಂಡು, ಒಂದು ಲೆಟಿಸ್‌ಗೆ ಮೂರು ನಾಲ್ಕು ಡಾಲರ್ ಕೊಡುವ ಗಿರಾಕಿ, ಇಷ್ಟೆಲ್ಲ ಇದ್ದೂ ಹೀಗಾಯಿತು. ಅಲ್ಲಿ ಕನಿಷ್ಠ ಒಂದು ನೆಪವಿತ್ತು: ಹಿಮ ಬೀಳುವ ಚಳಿಗಾಲ. ನೆಪವೇನು, ಕೆಲವು ಕಡೆ ಅದು ಒಪ್ಪತಕ್ಕ ಕಾರಣವೇ. ಅಂಟಾರ್ಕ್ಟಿಕಾದ ಜರ್ಮನ್ ಠಾಣೆ ನಾಯ್‌ಮಯರ್‌ನಲ್ಲಿ 2018ರಲ್ಲಿ ಕಂಟೇನರಿನೊಳಗೆ ಎಲ್‌ಇಡಿ ಬೆಳಕಿನಲ್ಲಿ ಸೌತೆಕಾಯಿ, ಸೊಪ್ಪು ಬೆಳೆದರು. ವಾರಗಟ್ಟಲೆ ಸೂರ್ಯನೇ ಮೂಡದ, ತಿಂಗಳುಗಟ್ಟಲೆ ಹಡಗು ಬಾರದ ಜಾಗದಲ್ಲಿ ಒಂದು ಹಸಿ ಎಲೆಗೆ ಎಷ್ಟು ಯೂನಿಟ್ ಸುಟ್ಟರೂ ತಪ್ಪಿಲ್ಲ. ತಿಪಟೂರಿನಲ್ಲಿ ಸೂರ್ಯ ದಿನಾ ಮೂಡುತ್ತಾನೆ. ಬಸ್ಸೂ ಬರುತ್ತದೆ.

ಲಡಾಖಿನವರನ್ನು ನೋಡಿ. ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ಲೇಹ್‌ನಲ್ಲಿ ಮೂರು ಕಡೆ ದಪ್ಪ ಮಣ್ಣಿಟ್ಟಿಗೆಯ ಗೋಡೆ, ದಕ್ಷಿಣಕ್ಕೆ ಪಾಲಿಥೀನ್ ಹಾಳೆ, ಇಷ್ಟರಲ್ಲೇ ಪಾಲಕ್ ಬೆಳೆಯುತ್ತಾರೆ. ಹಗಲು ಗೋಡೆ ಬಿಸಿಲು ಕುಡಿಯುತ್ತದೆ, ರಾತ್ರಿ ಆ ಕಾವನ್ನು ಗಿಡಕ್ಕೆ ಬಿಡುತ್ತದೆ. ಅದೂ ಶೆಡ್ಡೇ, ಅದೂ ಸೌರಚಾಲಿತವೇ. ನಡುವೆ ಇನ್ವರ್ಟರ್ ಇಲ್ಲ.

ನೀರು ಉಳಿಯುತ್ತದಲ್ಲ ಎನ್ನುತ್ತಾರೆ. ಉಳಿಯುತ್ತದೆ, ಬಹಳ ಉಳಿಯುತ್ತದೆ. ಬೋರ್‌ವೆಲ್ ಸಾವಿರ ಅಡಿ ಮುಟ್ಟಿರುವ ನಮ್ಮ ಸೀಮೆಯಲ್ಲಿ ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಆದರೆ ಆ ಉಳಿತಾಯದ ದೊಡ್ಡ ಪಾಲು ಬರುವುದು ಪೈಪಿನಲ್ಲಿ ಅದೇ ನೀರನ್ನು ಮತ್ತೆ ಮತ್ತೆ ತಿರುಗಿಸುವುದರಿಂದ. ಆ ಪೈಪನ್ನು ನೆರಳುಪರದೆಯ ಕೆಳಗೂ ಮಲಗಿಸಬಹುದು, ಅದರ ಪಂಪು ನಡೆಸಲು ಎರಡು ಪ್ಯಾನೆಲ್ ಸಾಕು. ಔಷಧಿ ಹೊಡೆಯಬೇಕಿಲ್ಲ ಎನ್ನುತ್ತಾರೆ. ಸಣ್ಣ ಕಣ್ಣಿನ ಕೀಟಪರದೆ ಆ ಕೆಲಸ ಬಹುಮಟ್ಟಿಗೆ ಮಾಡುತ್ತದೆ. ಭೂಮಿ ಉಳಿಯುತ್ತದೆ ಎನ್ನುವವರು ಮಾತ್ರ ಒಮ್ಮೆ ಪಾವಗಡಕ್ಕೆ ಹೋಗಿಬರಬೇಕು. ನಮ್ಮ ಜಿಲ್ಲೆಯದೇ. 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್. ಎಕರೆಗೆ ವರ್ಷಕ್ಕೆ 21 ಸಾವಿರದ ಗುತ್ತಿಗೆಗೆ ರೈತರು ಹೊಲ ಕೊಟ್ಟರು. ಕೊಟ್ಟವರನ್ನು ನಾನು ದೂರುವುದಿಲ್ಲ, ಮಳೆ ನಂಬಿ ಕಡಲೆಕಾಯಿ ಹಾಕಿ ಸೋತವರು ಅವರು. ನಾನು ಹೇಳುವುದಿಷ್ಟು: ಕರೆಂಟಿಗೂ ನೆಲ ಬೇಕು. ಕೋಣೆಯೊಳಗೆ ಉಳಿಸಿದ ನೆಲ ಇನ್ನೊಂದು ಊರಿನಲ್ಲಿ ಎರಡೂವರೆ ಪಟ್ಟಾಗಿ ಖರ್ಚಾಗಿರುತ್ತದೆ.

ಇಷ್ಟೂ ಲೆಕ್ಕವನ್ನು ತಮ್ಮನ ಮುಂದೆ ಇಟ್ಟೆ. ಅವನು ದಡ್ಡನಲ್ಲ, ಡಿಪ್ಲೊಮಾ ಮಾಡಿದವನು. ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ್ದು ಬೇರೆ. "ನೀವು ಹೇಳೋದು ಸರಿ ಇರಬೋದು ಕಣಕ್ಕ. ಆದ್ರೆ ಬಿಸ್ಲಾಗೆ ನಿಂತ್ಕಂಡು ಗೇಯೋನ್ನ ಈಗ ಯಾರು ಮನುಷ್ಯ ಅಂತಾರೆ?"

ಮಾರುತ್ತಿರುವುದು ಇದನ್ನು.

ಮೂವತ್ತೆರಡು ವಯಸ್ಸು ಅವನಿಗೆ. ಏಳು ಕಡೆ ಹೆಣ್ಣು ನೋಡಿ ಬಂದಿದ್ದಾರೆ. ತೋಟ ಎಷ್ಟು ಎಂದು ಕೇಳುತ್ತಾರೆ, ಬೋರ್‌ನಲ್ಲಿ ನೀರಿದೆಯಾ ಎಂದು ಕೇಳುತ್ತಾರೆ, ಕೊನೆಗೆ ಹುಡುಗ ಬೆಂಗಳೂರಿಗೆ ಬರುತ್ತಾನಾ ಎಂದು ಕೇಳುತ್ತಾರೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ನಾವೆಲ್ಲ ಆ ಸುದ್ದಿಯನ್ನು ನಗುವ ಚಿತ್ರ ಅಂಟಿಸಿ ಹಂಚಿಕೊಂಡೆವು. ಕುವೆಂಪು ಅವರ ನೇಗಿಲಯೋಗಿಯನ್ನು ಎದ್ದು ನಿಂತು ಹಾಡಿ ಸಭೆ ಶುರು ಮಾಡುವವರು ನಾವೇ, ನೇಗಿಲು ಹಿಡಿದವನಿಗೆ ಹೆಣ್ಣು ಕೊಡದವರೂ ನಾವೇ. ಹೆಣ್ಣುಮಕ್ಕಳನ್ನೂ ನಾನು ದೂರಲಾರೆ. ಕೊಟ್ಟಿಗೆಯ ಕೆಲಸ ಯಾರ ಪಾಲಿಗೆ ಬರುತ್ತದೆಂದು ಅವರಿಗೆ ಗೊತ್ತು. ಅದನ್ನು ಅವರು ತಮ್ಮ ಅಮ್ಮಂದಿರ ಕೈ ನೋಡಿ ಕಲಿತಿದ್ದಾರೆ. ಬಿಸಿಲನ್ನು ಬಡತನದ ಇನ್ನೊಂದು ಹೆಸರು ಮಾಡಿದವರು, 'ಓದದಿದ್ದರೆ ಹೊಲ ಗೇಯಲು ಹೋಗ್ತೀಯ' ಎಂದು ತರಗತಿಯಲ್ಲಿ ಹೆದರಿಸಿದವರು, ಮೇಷ್ಟರುಗಳು, ಅಪ್ಪಂದಿರು, ಸಿನಿಮಾದವರು, ಕಥೆಗಾರರು, ಎಲ್ಲ ಸೇರಿ ಒಂದು ತಲೆಮಾರಿನ ರೈತ ಹುಡುಗರ ಮೈಮೇಲೆ ಈ ನಾಚಿಕೆ ಹೊರಿಸಿದ್ದೇವೆ.

ಅಂಥ ಹುಡುಗನ ಮುಂದೆ ಒಬ್ಬ ಬಂದು ಟ್ಯಾಬ್ ತೆರೆಯುತ್ತಾನೆ. ಅದರಲ್ಲಿ ನೇರಳೆ ಬೆಳಕು, ಬಿಳೀ ಕೋಟು, ತಂಪು ಗಾಳಿ, ಮೊಬೈಲಿನಲ್ಲಿ ಏರಿಳಿಯುವ ಗೆರೆಗಳು. ನೀನು ರೈತನಲ್ಲ, ಅಗ್ರಿಪ್ರೆನರ್ ಎನ್ನುತ್ತಾನೆ. ಈ ಶಬ್ದವನ್ನು ಕನ್ನಡಕ್ಕೆ ತಂದವನಿಗೆ ಏನು ಶಿಕ್ಷೆ ಕೊಡಬೇಕೋ ತಿಳಿಯದು. ಒಂಬತ್ತು ಲಕ್ಷದಲ್ಲಿ ರ‍್ಯಾಕಿನ ಬೆಲೆ ಎಷ್ಟು, ಪ್ಯಾನೆಲಿನ ಬೆಲೆ ಎಷ್ಟು ಎಂದು ನಾನು ಬಿಡಿಸಿ ಕೂಡಿ ನೋಡಿದೆ. ಐದೂವರೆ ಲಕ್ಷಕ್ಕೆ ಎಲ್ಲ ಮುಗಿಯುತ್ತದೆ. ಮಿಕ್ಕದ್ದು ಆ ಕೋಟಿನ ಬೆಲೆ. ಬಿಸಿಲಿನಿಂದ ಒಳಗೆ ಹೋಗುವ ಟಿಕೇಟು. ಸೋತರೆ ಕಂಪನಿಗೆ ಏನೂ ಆಗುವುದಿಲ್ಲ, ಅದು ರ‍್ಯಾಕು ಮಾರಿಯಾಗಿದೆ. ಲೆಟಿಸ್ ಮಾರಬೇಕಾದವನು ಇವನು. ತಿಪಟೂರಿನ ಸಂತೆಯಲ್ಲಿ ದಂಟು, ಸಬ್ಬಸಿಗೆ, ಮೆಂತ್ಯ ಕಟ್ಟಿನ ಲೆಕ್ಕದಲ್ಲಿ ಹೋಗುತ್ತದೆ; ಲೆಟಿಸ್ ಕೇಳುವವರಿಲ್ಲ. 140 ಕಿಲೋಮೀಟರ್ ಆಚೆಯ ಬೆಂಗಳೂರಿನ ಹೋಟೆಲಿಗೆ ತಂಪಿನ ಗಾಡಿಯಲ್ಲಿ ಕಳಿಸಬೇಕು. ಅಲ್ಲಿ ನೆರಳುಪರದೆಯ ಕೆಳಗೆ ಬೆಳೆದವರು ಅದೇ ಲೆಟಿಸನ್ನು ಅರ್ಧ ಖರ್ಚಿನಲ್ಲಿ ತಂದು ಮೊದಲೇ ಕೊಟ್ಟಿರುತ್ತಾರೆ.

ಹಾಗೆಂದು ಕೊಟ್ಟಿಗೆಗೆ ಸೋಲಾರ್ ಬೇಡ ಎಂದು ನಾನು ಹೇಳುತ್ತಿಲ್ಲ. ಕರೆಂಟಿನಿಂದಲೇ ಆಗಬೇಕಾದ ಕೆಲಸಗಳಿವೆ, ಅವನ್ನು ಕರೆಂಟಿಗೆ ಕೊಡಿ. ಹರೀಶ್ ಹಂದೆಯವರ ಸೆಲ್ಕೋ 1995ರಿಂದ ಇದನ್ನೇ ಮಾಡಿಕೊಂಡು ಬಂದಿದೆ. ಹಳ್ಳಿಯ ಹೊಲಿಗೆ ಯಂತ್ರಕ್ಕೆ, ಹಾಲು ಕರೆಯುವ ಯಂತ್ರಕ್ಕೆ ಎಷ್ಟು ಬೇಕೋ ಅಷ್ಟೇ ಅಳತೆಯ ಪ್ಯಾನೆಲ್. ಕತ್ತಲ ಕೋಣೆಯಲ್ಲೇ ಏನಾದರೂ ಬೆಳೆಯಬೇಕೆಂಬ ಹಟವಿದ್ದರೆ ಅಣಬೆ ಇದೆ. ಅದಕ್ಕೆ ಬೆಳಕಿನ ಊಟ ಬೇಡ, ರಾಗಿ ಹುಲ್ಲೋ ಭತ್ತದ ಹುಲ್ಲೋ ಸಾಕು. ಹುಲ್ಲನ್ನು ಬೇಯಿಸಿ ಆರಿಸಿ, ಬೀಜ ಬೆರೆಸಿ, ಚೀಲ ಕಟ್ಟಿ ತೂಗುಹಾಕಿದರೆ ಚಿಪ್ಪಣಬೆ ಬರುತ್ತದೆ. ತೇವ ಕಾಪಾಡಲು ಮಂಜು ಹಾರಿಸುವ ಸಣ್ಣ ಪಂಪು, ಗಾಳಿಯಾಡಲು ಒಂದು ಫ್ಯಾನು. ಒಂದು ಕಿಲೋವಾಟ್ ಸೋಲಾರಿಗೆ ಅದು ಧಾರಾಳ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಹೋದರೆ ಕಲಿಸುತ್ತಾರೆ. ಅದಕ್ಕೂ ಮಾರುಕಟ್ಟೆ ಸಣ್ಣದು, ಬೇಸಿಗೆಯಲ್ಲಿ ಕೈಕೊಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅಣಬೆಯ ಬೀಜಕಣ ಉಸಿರಾಡಿ ಕೆಮ್ಮು ಹಿಡಿಸಿಕೊಂಡವರಿದ್ದಾರೆ. ಇದೆಲ್ಲವನ್ನೂ ಹೇಳಿಯೇ ಹೇಳುತ್ತಿದ್ದೇನೆ. ಹಸು ಮಾರಬೇಕಿಲ್ಲ, ಅಟ್ಟ ಕಿತ್ತುಹಾಕಬೇಕಿಲ್ಲ, ಕೊಟ್ಟಿಗೆಯ ಪಕ್ಕದ ಹುಲ್ಲಿನ ಮನೆ ಸಾಕು. ಸೋತರೂ ಐವತ್ತು ಅರವತ್ತು ಸಾವಿರದಲ್ಲಿ ಸೋಲಬಹುದು.

ಕೃಷಿ ಕಾಲೇಜು, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ನಿಮ್ಮ ಕೊನೇ ವರ್ಷದ ಪ್ರಾಜೆಕ್ಟಿನಲ್ಲಿ ನೇರಳೆ ದೀಪದ ಪೆಟ್ಟಿಗೆ ಮಾಡಿ ಬಹುಮಾನ ಪಡೆಯಿರಿ, ಬೇಡವೆನ್ನುವುದಿಲ್ಲ. ಅದರಲ್ಲಿ ಕಲಿಯುವುದಿದೆ. ಪೆಟ್ಟಿಗೆಯ ಪಕ್ಕ ಒಂದು ಮೀಟರು ಇಡಿ, ಒಂದು ಕಂತೆ ಸೊಪ್ಪಿಗೆ ಎಷ್ಟು ಯೂನಿಟ್ ಓಡಿತು ಎಂದು ದಪ್ಪಕ್ಷರದಲ್ಲಿ ಬರೆದು ನಿಲ್ಲಿಸಿ. ಆ ಒಂದು ಸಂಖ್ಯೆ ಇಲ್ಲದ ಪೆಟ್ಟಿಗೆಯ ಫೋಟೋ ಮುಂದೆ ಎಲ್ಲೆಲ್ಲಿ ಹೋಗುತ್ತದೆ, ಯಾರ ಕೊಟೇಶನ್ನಿನ ಮೊದಲ ಪುಟದಲ್ಲಿ ಕೂರುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ತಮ್ಮ ಇನ್ನೂ ಮನಸ್ಸು ಬದಲಿಸಿಲ್ಲ. ನಾನೂ ಬಿಟ್ಟಿಲ್ಲ. ಒಂದು ವಿಷಯಕ್ಕೆ ಮಾತ್ರ ಒಪ್ಪಿಸಿದ್ದೇನೆ: ಬ್ಯಾಂಕಿಗೆ ಹೋಗುವ ಮೊದಲು ಕಂಪನಿಯವರ ಹತ್ತಿರ ಎರಡು ಸಾಲು ಬರೆಸಿಕೊಳ್ಳಬೇಕು. ದೀಪ, ಪಂಪು, ಎ.ಸಿ. ಸೇರಿ ದಿನಕ್ಕೆ ಎಷ್ಟು ಯೂನಿಟ್ ಬೇಕು, ಅದರಲ್ಲಿ ಸೂರಿನ ಪ್ಯಾನೆಲ್ ಕೊಡುವುದು ಎಷ್ಟು. ಸಹಿ, ಸೀಲು ಹಾಕಿ ಕೊಡಬೇಕು. ಮೆಸೇಜ್ ಕಳಿಸಿ ಮೂರು ವಾರವಾಯಿತು. ಎರಡು ನೀಲಿ ಗೆರೆ ಬಂದಿದೆ. ಅಂದಿನಿಂದ ಆ ಮಾರಾಟಗಾರ ಅವನಿಗೆ ದಿನಾ ಬೆಳಿಗ್ಗೆ ಶುಭೋದಯದ ಚಿತ್ರ ಕಳಿಸುತ್ತಾನೆ. ಹೆಚ್ಚಿನವುಗಳಲ್ಲಿ ಸೂರ್ಯೋದಯ ಇರುತ್ತದೆ.